ತಾ

ಆ ವರ್ಷ ಪೇಟೆಯಲ್ಲಿ ಎರಡು ಸಲ ಶಟರ್ ಎಳೆದಿದ್ದರು.
ಯಾರ ಮೆರವಣಿಗೆ, ಯಾರ ಕಲ್ಲು ಎಂದು ಕೇಳಬೇಡಿ.
ಇಬ್ಬರನ್ನು ಕೇಳಿದರೆ ಎರಡು ಊರಿನ ಕತೆ ಸಿಗುತ್ತದೆ.
ನೆಲ್ಯಹುದಿಕೇರಿಯ ನಮ್ಮ ಶಾಲೆಯೊಳಗೆ
ಬೆಂಚುಗಳು ತಾವೇ ಸರಿದುಕೊಂಡಿದ್ದವು,
ನಡುವೆ ಪೊರಕೆ ಹಿಡಿದ ಆಯಾ ಹೋಗುವಷ್ಟು ದಾರಿ.

ನಾನು ಪಿ.ಟಿ. ಟೀಚರು. ನನಗೆ ಭಾಷಣ ಬಾರದು.
ಬೀರುವಿನಲ್ಲಿದ್ದದ್ದು ಒಂಬತ್ತು ಹಾಕಿ ಸ್ಟಿಕ್ಕು, ಎರಡು ಸೀಳಿದ್ದವು.
ಹೆಸರು ಕೊಟ್ಟವರು ಹದಿನಾಲ್ಕು ಮಂದಿ.
ಸ್ಟಿಕ್ಕಿಗಿಬ್ಬರು. ಯಾರಿಗೆ ಯಾರು ಎಂಬುದನ್ನು ಮಾತ್ರ
ಚೀಟಿಗೆ ಬಿಡದೆ ನಾನೇ ಬರೆದೆ:
ದೇಚಕ್ಕನಿಗೂ ಉಮೈಬಾಳಿಗೂ ಒಂದು,
ಬೆಳ್ಯಪ್ಪನಿಗೂ ಅಶ್ಕರನಿಗೂ ಒಂದು,
ಲೈನ್‌ಮನೆಯ ಜಾನುವಿಗೂ
ಅವಳಮ್ಮ ಕೂಲಿಗೆ ಹೋಗುವ ತೋಟದ ಕುಟ್ಟಯ್ಯನಿಗೂ ಒಂದು.

ನಿಯಮ ಒಂದೇ. ಸೀಟಿ ಊದಿದರೆ
ಒಳಗಿದ್ದವರು ಗೆರೆಗೆ ಬಂದು ಸ್ಟಿಕ್ಕನ್ನು ಕೈಗೆ ಕೊಡಬೇಕು.
ಎಸೆಯುವಂತಿಲ್ಲ. ನೆಲಕ್ಕಿಟ್ಟರೆ ಫೌಲು.

ಕುಟ್ಟಯ್ಯ ಹಿಡಿಗೆ ಕರವಸ್ತ್ರ ಸುತ್ತಿ ಹಿಡಿದ.
ಮರುದಿನವೂ. ನಾನು ನೋಡದ ಹಾಗೆ ನೋಡಿದೆ.
ಮೂರನೆಯ ವಾರ ಚಳಿ ಬಿತ್ತು, ಮೂಗು ಸೋರಿತು,
ಕರವಸ್ತ್ರಕ್ಕೆ ಬೇರೆ ಕೆಲಸ ಬಂತು.

ಮೈದಾನವೆಂದರೆ ದೇಚಕ್ಕನ ದೊಡ್ಡಪ್ಪ
ಬೇಸಾಯ ಬಿಟ್ಟು ಆರು ವರ್ಷವಾದ ಗದ್ದೆ.
ಬದು ಎಡವಿ ಚೆಂಡು ಎಲ್ಲೆಲ್ಲಿಗೋ ಜಿಗಿಯುತ್ತಿತ್ತು.
ಹೆಸರು ಹಿಡಿದು ಯಾರೂ ಯಾರನ್ನೂ ಕರೆಯರು.
ಆದರೂ ಚೆಂಡು ಪಕ್ಕದವನ ಕಾಲಲ್ಲಿದ್ದಾಗ
ಗಂಟಲಿಗೆ ತಾನಾಗಿ ಒಂದು ಅಕ್ಷರ ಬರುತ್ತಿತ್ತು: ತಾ!

ಕೊಡವರ ಒಲೆಯ ಮುಂದೆ ಕೂತ ಮಗು ರೊಟ್ಟಿಗೆ ಕೈಚಾಚಿ ಹಾಗೇ ಅನ್ನುತ್ತದೆ,
ಮಾಪಿಳ್ಳೆಯರ ಮನೆಯದೂ, ಎರವರ ಲೈನಿನದೂ.
ನನ್ನ ಬಯಲುಸೀಮೆಯ ಕನ್ನಡದಲ್ಲಿ ಅರ್ಥ ಚೂರು ಬೇರೆ,
ಎದ್ದು ಹೋಗಿ ಎಲ್ಲಿಂದಲೋ ಹೊತ್ತು ತರಬೇಕು.
ಅವರದರಲ್ಲಿ, ಕೈಲಿರುವುದನ್ನು ಬಿಟ್ಟುಕೊಟ್ಟರೆ ಸಾಕು.

ಒಂದು ಸೋಮವಾರ ಬಂದು ನೋಡಿದರೆ
ಕೆಳಗಿನ ಗೋಲು ಇಲ್ಲ. ಎರಡೂ ಕಂಬ ಮುರಿದು ಬಿದ್ದಿವೆ.
ಗದ್ದೆ ಆ ಕ್ಷಣವೇ ಎರಡು ಹೋಳಾಯಿತು.
'ನಿಮ್ಮವರದ್ದೇ ಕೆಲಸ.' 'ರಾತ್ರಿ ಜೀಪ್ ಯಾರದ್ದು ಬಂದಿತ್ತು?'
ಬೆಳ್ಯಪ್ಪನ ಕೈಯಲ್ಲಿದ್ದ ಸ್ಟಿಕ್ಕು ಭುಜದ ಎತ್ತರಕ್ಕೆ ಬಂತು.
ನನ್ನ ಸೀಟಿಯಲ್ಲಿ ಗಾಳಿ ಮಾತ್ರ ಹೊರಟಿತು.

ಜಾನು ಹೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.
'ಟೀಚರೇ, ಇದು ಯಾರ ಜಾತಿದು ನೋಡಿ' ಅಂದಳು.
ಬುಟ್ಟಿಯಷ್ಟು ಲದ್ದಿ, ಇನ್ನೂ ಹಬೆಯಾಡುತ್ತಿತ್ತು.
ಅತ್ತ ಕೆಸರಲ್ಲಿ ಒರಳಿನಂಥ ಹೆಜ್ಜೆಗಳು,
ಒಂದು ದೊಡ್ಡದು, ಒಂದು ಮರಿಯದು,
ಗೋಲಿನ ನಡುವಿನಿಂದಲೇ ಹಾದು ಹೋಗಿದ್ದವು.

'ಮರಿ ಗೋಲ್ ಹೊಡೆದಿದೆ' ಎಂದ ಅಶ್ಕರ್.
ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ.
ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತವರಲ್ಲಿ
ಯಾರು ಯಾರಿಗೆ ಒರಗಿದ್ದರೋ, ನಾನು ಎಣಿಸಲಿಲ್ಲ.

ಗೋಣಿಕೊಪ್ಪದ ಪಂದ್ಯದಲ್ಲಿ ನಾಲ್ಕು ಗೋಲಿನಿಂದ ಸೋತೆವು.
ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.
ಶಟರ್ ಮತ್ತೆ ಬಿದ್ದದ್ದನ್ನೂ ಹೇಳಬೇಕು,
ಮರುವರ್ಷ, ಅದೇ ತಿಂಗಳು.
ಅಂದು ಸಂಜೆ ಬಂದವರು ಐದೇ ಜನ.
ಸೇತುವೆಯ ಮೇಲೆ ಪೊಲೀಸ್ ವ್ಯಾನು.
ಆದದ್ದಾಗಲಿ ಎಂದು ಆಡಿಸಿದೆ, ಸೀಟಿ ಊದಿದೆ.

ಬೆಳ್ಯಪ್ಪ ಗೆರೆಗೆ ಬಂದು ನಿಂತ.
ಎದುರಿಗೆ ಸ್ಟಿಕ್ಕು ತೆಗೆದುಕೊಳ್ಳಲು ಯಾರೂ ಇಲ್ಲ.
ಕತ್ತಲಾಯಿತು. ಉಳಿದವರು ಶೂ ಕಳಚಿದರು.
'ಇಟ್ಟು ಹೋಗೋ, ನಾನು ಒಳಗಿಡುತ್ತೇನೆ' ಎಂದೆ.
ಅವನು ಸೇತುವೆಯ ಕಡೆಯೇ ನೋಡುತ್ತಿದ್ದ.
'ನೆಲಕ್ಕಿಟ್ಟರೆ ಫೌಲಲ್ವಾ ಟೀಚರೇ' ಎಂದ.